‘ಎಷ್ಟು ದಿನದಿಂದ ಕೆಮ್ಮು?’

“ಎಷ್ಟು ದಿನದಿಂದ ಕೆಮ್ಮು?” ಅಂತ ಡಾಕ್ಟರು ಕೇಳಿದಾಗ ನಾನು ಸಲೀಸಾಗಿ “ಒಂದು ವಾರ” ಅಂದೆ. ಪಕ್ಕದ ಕುರ್ಚಿಯಲ್ಲಿದ್ದ ನಮ್ಮ ಯಜಮಾನರು ಗಂಟಲು ಸರಿಮಾಡಿಕೊಂಡು, “ಹದಿನಾರು ದಿನ ಡಾಕ್ಟ್ರೇ” ಅಂದರು. ದುರುಗುಟ್ಟಿ ನೋಡಿದೆ. ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ನನ್ನ ಲೆಕ್ಕದಲ್ಲಿ ನೆಗಡಿ ಬೇರೆ, ಕೆಮ್ಮು ಬೇರೆ, ಮೊನ್ನೆ ಬಂದ ಜ್ವರ ಇನ್ನೂ ಬೇರೆ. ‘ಇವತ್ತು ಪರವಾಗಿಲ್ಲ’ ಅನಿಸಿದಾಗಲೆಲ್ಲ ನನ್ನ ಎಣಿಕೆ ಸೊನ್ನೆಗೆ ಇಳಿದು ಹೊಸದಾಗಿ ಶುರುವಾಗುತ್ತಿತ್ತು. ಇವರದು ಹಾಗಲ್ಲ. ನನ್ನ ಮೊದಲ ಸೀನು ಯಾವ ದಿನದ್ದೆಂದು ಇವರಿಗೆ ನೆನಪಿದೆ, ಯಾಕೆಂದರೆ ಅವತ್ತಿನಿಂದ ಇವರಿಗೂ ನಿದ್ದೆಯಿಲ್ಲ.

ಡಾಕ್ಟರು ಇವರ ಲೆಕ್ಕವನ್ನೇ ಬರೆದುಕೊಂಡರು. ಆಮೇಲೆ ನನ್ನ ಕಡೆ ತಿರುಗಿ, “ಮಧ್ಯದಲ್ಲಿ ಒಂದೆರಡು ದಿನ ಚೆನ್ನಾಗಾಗಿ, ಆಮೇಲೆ ಮತ್ತೆ ಜಾಸ್ತಿ ಆಯ್ತಾ?” ಅಂದರು. ಥೇಟ್ ಹಾಗೇ ಆಗಿತ್ತು. “ನನಗೆ ಬೇಕಿದ್ದದ್ದು ಅದು. ಎಷ್ಟು ದಿನ ಅನ್ನೋದಕ್ಕಿಂತ ಯಾವ ಕಡೆಗೆ ಹೋಗ್ತಿದೆ ಅನ್ನೋದು ಮುಖ್ಯ” ಅಂದರು.

ಆ ರಾತ್ರಿಯಿಂದ ಮಗಳ ಹಳೇ ನೋಟ್‌ಬುಕ್ಕೊಂದರಲ್ಲಿ ದಿನಕ್ಕೆರಡು ಸಾಲು ಬರೆಯತೊಡಗಿದೆ. ಹಿಂದಿನ ಹದಿನಾರು ದಿನಗಳನ್ನು ಇವರನ್ನು ಕೇಳಿ ಕೇಳಿ ತುಂಬಿಸಿದೆ. ಇದು ಆ ಪುಸ್ತಕ ಮುಂದಿಟ್ಟುಕೊಂಡು ಬರೆದದ್ದು.

ಮೊದಲ ದಿನ ಗಂಟಲಲ್ಲಿ ಕೆರೆತ, ಅಷ್ಟೇ. ನಾನು ಮೇಷ್ಟ್ರಿಕೆ ಮಾಡುವವಳು, ಗಂಟಲ ಕೆರೆತ ನನಗೆ ಸುದ್ದಿಯೇ ಅಲ್ಲ. ಎರಡನೇ ದಿನ ಸೀನು, ಮೂಗಿನಲ್ಲಿ ನೀರು. ಮೂರನೇ ದಿನ ಮೂಗು ಕಟ್ಟಿ, ತಲೆ ಭಾರವಾಗಿ, ಮೈ ಬಿಸಿ ನೂರು ಡಿಗ್ರಿಯ ಆಸುಪಾಸು. ಫ್ಲೂ ಆಗಿದ್ದರೆ ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಬರುವುದು ಕಡಿಮೆ. ಬೆಳಿಗ್ಗೆ ಓಡಾಡಿಕೊಂಡಿದ್ದವರನ್ನು ಸಂಜೆಗೆಲ್ಲ ಮಲಗಿಸಿಬಿಡುತ್ತದೆ. ಮನೆಯಲ್ಲಿದ್ದ ಕೋವಿಡ್ ಕಿಟ್ಟಿನಲ್ಲೂ ಒಂದೇ ಗೆರೆ ಬಂತು. ಅಲ್ಲಿಗೆ ನೆಗಡಿ ಎಂದಾಯಿತು. ನೆಗಡಿಯಂಥ ರೋಗವಿಲ್ಲ, ಬುಗುಡಿಯಂಥ ಒಡವೆಯಿಲ್ಲ ಎಂದು ಗಾದೆ ಕಟ್ಟಿದ ಪುಣ್ಯಾತ್ಮರಿಗೂ ಆಗ ನನ್ನಂತೆಯೇ ಎರಡೂ ಹೊಳ್ಳೆ ಕಟ್ಟಿದ್ದಿರಬೇಕು. ಆದರೆ ನನ್ನನ್ನು ಕೆಡಿಸಿದ್ದು ಇನ್ನೊಂದು ಮಾತು: ಮದ್ದು ಮಾಡಿದರೆ ಏಳು ದಿನ, ಮಾಡದಿದ್ದರೆ ಒಂದು ವಾರ. ವಾರ ಅಂದರೆ ವಾರ ಎಂದು ನಾನು ಕ್ಯಾಲೆಂಡರ್ ನೋಡುತ್ತ ಕೂತೆ.

ನಾಲ್ಕನೇ ದಿನ ಅಕ್ಕ ಫೋನ್ ಮಾಡಿದಳು. ನನ್ನ ‘ಹಲೋ’ ಕೇಳಿದವಳೇ, “ಒದ್ದೆ ತಲೇಲಿ ಹೊರಗೆ ಹೋಗಿದ್ಯಲ್ಲವಾ? ಸಣ್ಣೋಳಿದ್ದಾಗ್ಲಿಂದ ಹೇಳ್ತಿದೀನಿ, ಕೇಳಲ್ಲ ನೀನು” ಎಂದು ಶುರು. ಮಲಗಿದ್ದವಳಿಗೆ ಬೇರೆ ಕೆಲಸವಿರಲಿಲ್ಲ, ಅಕ್ಕನನ್ನು ಸೋಲಿಸಬೇಕೆಂದೇ ಓದಲು ಕೂತೆ. ಇಂಗ್ಲೆಂಡಿನ ಸಾಲ್ಸ್‌ಬರಿಯಲ್ಲಿ 1946ರಿಂದ ನಾಲ್ಕು ದಶಕಕ್ಕೂ ಹೆಚ್ಚು ಕಾಲ ನೆಗಡಿಗೆಂದೇ ಒಂದು ಸಂಶೋಧನಾ ಕೇಂದ್ರ ನಡೆಯಿತಂತೆ. ಜನ ತಾವಾಗಿಯೇ ಹೋಗಿ ಮೂಗಿಗೆ ವೈರಸ್ ಬಿಡಿಸಿಕೊಂಡು ಬರುತ್ತಿದ್ದರು. ಅಲ್ಲಿ ಕೆಲವರಿಗೆ ಬಿಸಿನೀರ ಸ್ನಾನ ಮಾಡಿಸಿ, ಒದ್ದೆ ಮೈಯಲ್ಲೇ ಗಾಳಿ ಬೀಸುವ ಓಣಿಯಲ್ಲಿ ನಿಲ್ಲಿಸಿ ನೋಡಿದರು; ಬರಿಯ ಚಳಿಯಿಂದ ನೆಗಡಿ ಬರಲಿಲ್ಲ. ನಾನು ಗೆದ್ದೆ ಅಂದುಕೊಳ್ಳುವಷ್ಟರಲ್ಲಿ ಬ್ರಿಟನ್ನಿನದೇ ಕಾರ್ಡಿಫ್‌ನ 2005ರ ಪ್ರಯೋಗ ಸಿಕ್ಕಿತು. 180 ಜನರಲ್ಲಿ ಅರ್ಧ ಮಂದಿಯ ಪಾದಗಳನ್ನು ಇಪ್ಪತ್ತು ನಿಮಿಷ ತಣ್ಣೀರಿನಲ್ಲಿ ಇಡಿಸಿದರು. ಮುಂದಿನ ನಾಲ್ಕೈದು ದಿನಗಳಲ್ಲಿ ಅವರ ಪೈಕಿ ಶೇಕಡಾ 29 ಮಂದಿ ನೆಗಡಿಯ ಲಕ್ಷಣ ಹೇಳಿಕೊಂಡರೆ, ಉಳಿದ ಅರ್ಧದಲ್ಲಿ ಶೇಕಡಾ 9 ಮಾತ್ರ. ಮೂಗಿನಲ್ಲಿ ಮೊದಲೇ ಹೊಂಚು ಹಾಕಿದ್ದ ವೈರಸ್ಸಿಗೆ ಚಳಿ ದಾರಿ ಮಾಡಿಕೊಡುತ್ತದೆ ಎಂಬುದು ಅವರ ಊಹೆ. ಅಕ್ಕನಿಗೆ ಇದನ್ನು ಈವರೆಗೂ ಹೇಳಿಲ್ಲ.

ನೆಗಡಿ ತರುವ ವೈರಸ್ಸುಗಳು ಇನ್ನೂರಕ್ಕೂ ಹೆಚ್ಚಿವೆ. ಅವುಗಳಲ್ಲಿ ದೊಡ್ಡ ಬಳಗ ರೈನೊವೈರಸ್ಸಿನದು. ಅದಕ್ಕೆ ನಮ್ಮ ಒಡಲಿನ 37 ಡಿಗ್ರಿ ಸೆಲ್ಸಿಯಸ್‌ಗಿಂತ ಮೂಗಿನೊಳಗಿನ 33 ಡಿಗ್ರಿಯೇ ಹೆಚ್ಚು ಒಗ್ಗುತ್ತದೆ. ಮೂಗು ಇರುವ ತನಕ ನೆಗಡಿ ತಪ್ಪದು ಅನ್ನುವುದರಲ್ಲಿ ಇಷ್ಟೊಂದು ಅರ್ಥವಿದೆ ಎಂದು ಗೊತ್ತಿರಲಿಲ್ಲ.

ಆ ವಾರ ನಾನು ಮಾಡಿದ ಎರಡು ತಪ್ಪುಗಳನ್ನು ಹೇಳಿಬಿಡುತ್ತೇನೆ. ಒಂದು, ಮೂಗಿನ ಹನಿ. ಕ್ಸೈಲೊಮೆಟಜೊಲಿನ್ ಹನಿ ಹಾಕಿದ ಎರಡೇ ನಿಮಿಷಕ್ಕೆ ಮೂಗು ಬಿಚ್ಚಿಕೊಳ್ಳುವ ಸುಖ ಇದೆಯಲ್ಲ, ಅದಕ್ಕೆ ಸೋಲದವರಿಲ್ಲ. ಅದು ಮೂಗಿನ ಒಳಪೊರೆಯ ರಕ್ತನಾಳಗಳನ್ನು ಕುಗ್ಗಿಸುತ್ತದೆ. ಐದು ದಿನ ದಾಟಿ ಹಾಕುತ್ತ ಹೋದರೆ ನಾಳಗಳು ಹನಿಯ ಬಲ ಇಳಿದೊಡನೆ ಮೊದಲಿಗಿಂತ ಜಾಸ್ತಿ ಊದಿಕೊಳ್ಳುತ್ತವೆ. ನಾನು ಒಂಬತ್ತು ದಿನ ಹಾಕಿದೆ. ಕೊನೆಕೊನೆಗೆ ಮೂಗು ಕಟ್ಟುತ್ತಿದ್ದುದು ನೆಗಡಿಯಿಂದಲೋ ಹನಿಯಿಂದಲೋ ದೇವರಿಗೇ ಗೊತ್ತು. ಉಪ್ಪುನೀರಿನ ಹನಿಗೆ ಬದಲಾಯಿಸಿಕೊಂಡು ಅದನ್ನು ಬಿಡಿಸಿಕೊಳ್ಳಲು ಇನ್ನೊಂದು ವಾರ ಹಿಡಿಯಿತು. ಎರಡನೆಯದು ಇದಕ್ಕಿಂತ ಅಪಾಯದ್ದು. ಜ್ವರಕ್ಕೆಂದು ಪ್ಯಾರಸಿಟಮಾಲ್ ನುಂಗುತ್ತಿದ್ದೆ, ಜೊತೆಗೆ ‘ಶೀತದ ಮಾತ್ರೆ’ ಎಂದು ಬೇರೊಂದು. ಮಗಳು ಪಟ್ಟಿಯ ಹಿಂದಿನ ಸಣ್ಣಕ್ಷರ ಓದಿ, “ಅಮ್ಮಾ, ಇದರಲ್ಲೂ ಪ್ಯಾರಸಿಟಮಾಲೇ ಇದೆ” ಅಂದಳು. ಲೆಕ್ಕ ಹಾಕಿದರೆ ಒಂದು ದಿನ ಮೂರೂವರೆ ಗ್ರಾಂ ಮುಟ್ಟಿದ್ದೆ. ದೊಡ್ಡವರಿಗೆ ಇಡೀ ದಿನಕ್ಕೆ ನಾಲ್ಕು ಗ್ರಾಂ ಮೇಲ್ಮಿತಿ. ಅದನ್ನು ದಾಟಿದರೆ ಪೆಟ್ಟು ಬೀಳುವುದು ಯಕೃತ್ತಿಗೆ.

ಎಂಟನೇ ದಿನ ಹಗುರವಾಯಿತು. ಒಂಬತ್ತನೇ ದಿನ ಶಾಲೆಗೆ ಹೋದೆ. ಇವರು ಬಾಗಿಲಲ್ಲಿ ನಿಂತು, “ಇನ್ನೆರಡು ದಿನ ತಡಿ, ಆಕಾಶ ಏನೂ ಕಳಚಿ ಬೀಳಲ್ಲ” ಅಂದರು. ಪರೀಕ್ಷೆ ಹತ್ತಿರವಿತ್ತು, ಪಾಠ ಉಳಿದಿತ್ತು, ಹೋದೆ. ನಾಲ್ಕು ಪಿರಿಯಡ್ ಕಿರುಚಿದೆ. ಕಿಟಕಿ ಮುಚ್ಚಿದ ಕೋಣೆ, ಸೀಮೆಸುಣ್ಣದ ಪುಡಿ, ನನ್ನ ಹಾಗೆಯೇ ಮೂಗೊರೆಸಿಕೊಳ್ಳುವ ನಲವತ್ತು ಮಕ್ಕಳು. ಚಳಿಗಾಲದಲ್ಲಿ ನೆಗಡಿ ಹೆಚ್ಚುವುದಕ್ಕೆ ಇಂಥ ಮುಚ್ಚಿದ ಕೋಣೆಗಳೂ ಕಾರಣವಂತೆ; ಒಬ್ಬರ ಉಸಿರನ್ನು ಇನ್ನೊಬ್ಬರು ಹಂಚಿಕೊಂಡು ಕೂತಿರುತ್ತೇವೆ. ಸಂಜೆ ಮನೆಗೆ ಬಂದಾಗ ದನಿ ಇರಲಿಲ್ಲ. ಹತ್ತನೇ ರಾತ್ರಿಯ ಹೊತ್ತಿಗೆ ಕೆಮ್ಮು ಗಂಟಲಿನಿಂದ ಇಳಿದು ಎದೆಯಲ್ಲಿ ಮನೆ ಮಾಡಿತ್ತು.

ಗಂಟಲ ಕೆಮ್ಮಿಗೂ ಎದೆಯ ಕೆಮ್ಮಿಗೂ ಇರುವ ವ್ಯತ್ಯಾಸವನ್ನು ಅನುಭವಿಸಿದವರೇ ಬಲ್ಲರು. ಮೊದಲನೆಯದು ಗರಗಸದಂತೆ ಮೇಲೆ ಮೇಲೆ ಕೊಯ್ಯುತ್ತದೆ. ಎರಡನೆಯದು ಹೊಟ್ಟೆಯ ಸ್ನಾಯುವನ್ನೂ ಸೇರಿಸಿ ಕಿತ್ತು ತರುತ್ತದೆ, ಆದರೂ ಬರಬೇಕಾದ ಕಫ ಬರುವುದಿಲ್ಲ. ಹಗಲಲ್ಲಿ ಹೇಗೋ ನಡೆಯುತ್ತಿತ್ತು. ಬೆನ್ನು ಹಾಸಿಗೆಗೆ ತಾಗಿದ್ದೇ ತಡ ಶುರು. ಮೂಗಿನ ಹಿಂಬದಿಯಿಂದ ಗಂಟಲಿಗೆ ಇಳಿಯುವ ನೀರು ಮಲಗಿದಾಗ ಹೆಚ್ಚುತ್ತದೆ. ಎರಡು ದಿಂಬು, ಮೂರು ದಿಂಬು, ಕೊನೆಗೆ ಗೋಡೆಗೆ ಒರಗಿ ಕೂತೇ ನಿದ್ದೆ. ಇವರು ಹೊದಿಕೆ ಹೊತ್ತುಕೊಂಡು ಹೊರಗಿನ ಕೋಣೆಗೆ ಹೋದರು. ಹೋಗುವಾಗ ಮುಖದಲ್ಲಿದ್ದದ್ದು ಕನಿಕರವೋ ಬಿಡುಗಡೆಯೋ, ಕೇಳಲಿಲ್ಲ. ಇನ್ನೊಂದು ಸಂಕಟವನ್ನು ಹೆಂಗಸರು ಹೇಳಿಕೊಳ್ಳುವುದಿಲ್ಲ. ಐವತ್ತೊಂದು ವರ್ಷ, ಒಂದು ಹೆರಿಗೆ ಆದ ಮೈ. ಜೋರಾಗಿ ಕೆಮ್ಮಿದಾಗಲೆಲ್ಲ ಒಂದೆರಡು ಹನಿ ಮೂತ್ರ ಜಾರುತ್ತಿತ್ತು. ಕಾಲ ಮೇಲೆ ಕಾಲು ಬಿಗಿದು ಕೆಮ್ಮುವುದನ್ನು ಕಲಿತೆ. ಅಕ್ಕನಿಗೆ ಹೇಳಿದರೆ, “ನಂಗೂ ಹಾಗೇ ಕಣೇ, ಯಾರ ಹತ್ರ ಹೇಳೋದು” ಎಂದು ನಕ್ಕಳು. ನಕ್ಕದ್ದಕ್ಕೆ ನನಗೆ ಮತ್ತೆ ಕೆಮ್ಮು.

ಹಬೆ ತಗೊಂಡೆ. ಮೂಗಿಗೆ ಹಿತವೆನಿಸಿತು, ಎದೆಗೆ ಏನೂ ಆಗಲಿಲ್ಲ. ಕುದಿಯುವ ನೀರಿನ ಪಾತ್ರೆ ತೊಡೆಯ ಮೇಲೆ ಮಗುಚಿ ಸುಟ್ಟುಕೊಂಡವರು ಬೇಕಾದಷ್ಟಿದ್ದಾರೆ, ಅದಕ್ಕೇ ಮಗಳು ಪಾತ್ರೆಯನ್ನು ಮೇಜಿನ ಮೇಲಿಟ್ಟು ಕಾವಲು ನಿಂತಳು. ಮಲಗುವ ಮುಂಚೆ ಒಂದು ಚಮಚ ಜೇನುತುಪ್ಪ ಗಂಟಲ ಕೆರೆತವನ್ನು ಅರ್ಧ ಗಂಟೆ ಸುಮ್ಮನಿರಿಸುತ್ತಿತ್ತು. ಆ ಅರ್ಧ ಗಂಟೆಯಲ್ಲಿ ನಿದ್ದೆ ಹತ್ತಿದರೆ ಗೆದ್ದಂತೆ. ವರ್ಷ ತುಂಬದ ಕೂಸುಗಳಿಗೆ ಮಾತ್ರ ಅದನ್ನು ಕೊಡಬಾರದು.

ಹನ್ನೆರಡನೇ ದಿನ ಕಫ ಹಸಿರಾಯಿತು. ನನಗೆ ಒಳಗೊಳಗೇ ಸಮಾಧಾನ, ಸದ್ಯ, ಈಗ ಆಂಟಿಬಯಾಟಿಕ್ ತಗೊಳ್ಳಬಹುದು ಎಂದು. ಕಪಾಟಿನಲ್ಲಿ ಯಾವ ಕಾಲದ್ದೋ ಮೂರು ಕ್ಯಾಪ್ಸೂಲ್ ಉಳಿದಿದ್ದವು. ಒಂದು ದಿನದಲ್ಲಿ ಮೂರನ್ನೂ ನುಂಗಿ ಮುಗಿಸಿದೆ. ಮಕ್ಕಳಿಗೆ ವಿಜ್ಞಾನ ಹೇಳಿಕೊಡುವವಳು ನಾನು! ಆ ಹಸಿರು ಬ್ಯಾಕ್ಟೀರಿಯಾದ ಬಣ್ಣವಲ್ಲ, ನಮ್ಮದೇ ಬಿಳಿರಕ್ತಕಣಗಳೊಳಗಿರುವ ಮೈಲೊಪೆರಾಕ್ಸಿಡೇಸ್ ಎಂಬ ಕಿಣ್ವದ ಬಣ್ಣ, ಅದು ಹಸಿರು. ಬಿಳಿರಕ್ತಕಣಗಳು ಗುಂಪಾಗಿ ಬಂದು ಕಾದಾಡಿ ಸತ್ತಾಗ ಕಫಕ್ಕೆ ಆ ಬಣ್ಣ ಕೂಡುತ್ತದೆ. ಎದುರಾಳಿ ವೈರಸ್ಸಾದರೂ ಹಸಿರೇ, ಬ್ಯಾಕ್ಟೀರಿಯಾ ಆದರೂ ಹಸಿರೇ. ಶ್ವಾಸನಾಳದ ಇಂಥ ಉರಿಯೂತದಲ್ಲಿ ಹತ್ತಕ್ಕೆ ಒಂಬತ್ತು ಪಾಲು ವೈರಸ್ಸಿನದೇ ಕೆಲಸ. ಆಂಟಿಬಯಾಟಿಕ್ ಕೊಟ್ಟರೆ ಕೆಮ್ಮಿನಲ್ಲಿ ಕಡಿಮೆಯಾಗುವುದು ಸರಾಸರಿ ಅರ್ಧ ದಿನ. ಇದನ್ನೆಲ್ಲ ಆಮೇಲೆ ಡಾಕ್ಟರು ಬಿಡಿಸಿ ಹೇಳಿದರು. ಕ್ಯಾಪ್ಸೂಲಿನ ವಿಷಯ ನಾನು ಹೇಳಿರಲಿಲ್ಲ. ಅದನ್ನೂ ಇವರೇ ಹೇಳಿದ್ದು.

ಹದಿನಾಲ್ಕನೇ ದಿನ ಸಂಜೆ ನಡುಕ. ಮೈಮೇಲೆ ಎರಡು ಕಂಬಳಿ ಇದ್ದರೂ ಹಲ್ಲು ಕಟಕಟ. ಥರ್ಮಾಮೀಟರ್ 102.6 ತೋರಿಸಿತು. ಬಲಗಡೆ ಪಕ್ಕೆಯ ಕೆಳಗೆ, ಉಸಿರನ್ನು ಪೂರ್ತಿ ಎಳೆದರೆ ಚುಚ್ಚುವ ನೋವು. ಅರ್ಧ ಉಸಿರಿಗೇ ನಿಲ್ಲಿಸಿಕೊಳ್ಳುತ್ತಿದ್ದೆ. ಮಗಳು ಕೋವಿಡ್ ಕಾಲದ ಆಕ್ಸಿಮೀಟರ್ ಹುಡುಕಿ ತಂದು ಬೆರಳಿಗೆ ಸಿಕ್ಕಿಸಿದಳು. 89. ಅವಳ ಮುಖ ನೋಡಲಾಗಲಿಲ್ಲ. ಸ್ವಲ್ಪ ಹೊತ್ತು ನನ್ನ ಕೈಯನ್ನು ತನ್ನ ಅಂಗೈಗಳ ನಡುವೆ ಉಜ್ಜಿ ಬಿಸಿ ಮಾಡಿ ಮತ್ತೆ ಹಾಕಿದಳು. 94ಕ್ಕೆ ಬಂದು ಅಲ್ಲೇ ನಿಂತಿತು. ತಣ್ಣಗಾದ ಬೆರಳು, ಉಗುರುಬಣ್ಣ ಇವೆಲ್ಲ ಆ ಯಂತ್ರವನ್ನು ದಾರಿ ತಪ್ಪಿಸುತ್ತವೆ. ಆದರೂ 95ರಿಂದ 100ರೊಳಗೆ ಇರಬೇಕಾದದ್ದು 94 ಎಂದರೆ ಕಡಿಮೆಯೇ. ಆಗಲೇ ಹೊರಡಬೇಕಿತ್ತು. ‘ಬೆಳಿಗ್ಗೆ ನೋಡೋಣ’ ಅಂದೆ. ಬೆಳಿಗ್ಗೆ ಮಾತ್ರೆಯ ಬಲದಲ್ಲಿ ಜ್ವರ ಇಳಿದಿತ್ತು, ‘ನೋಡಿ, ಇಳೀತಲ್ಲ’ ಅಂದೆ. ಸಂಜೆ ಮತ್ತೆ ಏರಿತು. ಹೀಗೆ ಎರಡು ದಿನ ಕಳೆದೆ. ನೋಟ್‌ಬುಕ್ಕಿನಲ್ಲಿ ಆ ಎರಡು ದಿನಗಳ ಮುಂದೆ ಇವರ ಕೈಬರಹದಲ್ಲಿ ಒಂದೇ ಪದ ಇದೆ: ‘ಹಟ.’

ಡಾಕ್ಟರು ಅವಸರ ಮಾಡಲಿಲ್ಲ. ಮೊದಲು ಒಂದು ನಿಮಿಷ ಪೂರ್ತಿ ಗಡಿಯಾರ ನೋಡುತ್ತ ನನ್ನ ಉಸಿರನ್ನು ಎಣಿಸಿದರು. ನಾಡಿ ಹಿಡಿದವರಂತೆ ಮಾಡಿ ಎಣಿಸಿದರು. ಎಣಿಸುತ್ತಿದ್ದಾರೆಂದು ಗೊತ್ತಾದರೆ ನಾವು ಉಸಿರಾಡುವ ರೀತಿಯೇ ಬದಲಾಗುತ್ತದಂತೆ. ಇಪ್ಪತ್ತನಾಲ್ಕು. ಆಮೇಲೆ ಬೆನ್ನಿಗೆ ಒಂದು ಕೈಯ ಬೆರಳಿಟ್ಟು ಇನ್ನೊಂದು ಕೈಯ ಬೆರಳಿನಿಂದ ಕುಟ್ಟುತ್ತ ಮೇಲಿನಿಂದ ಕೆಳಗೆ ಬಂದರು. ಎಡಗಡೆ ಉದ್ದಕ್ಕೂ ಟೊಳ್ಳು ಸದ್ದು. ಬಲಗಡೆ ಕೆಳಗೆ ಬಂದಾಗ ಸದ್ದು ಮಂಕಾಯಿತು, ನನಗೇ ಕೇಳಿಸಿತು. ಈ ಕುಟ್ಟುವ ಉಪಾಯವನ್ನು 1761ರಲ್ಲಿ ಮೊದಲು ಬರೆದಿಟ್ಟವನು ಔಯೆನ್‌ಬ್ರುಗರ್ ಎಂಬ ಆಸ್ಟ್ರಿಯಾದ ವೈದ್ಯ. ಅವನಪ್ಪ ಛತ್ರ ನಡೆಸುತ್ತಿದ್ದ. ಪೀಪಾಯಿಯಲ್ಲಿ ಎಷ್ಟು ಮದ್ಯ ಉಳಿದಿದೆ ಎಂದು ಕುಟ್ಟಿ ನೋಡುವುದನ್ನು ಮಗ ಕಂಡಿದ್ದ ಎಂದು ಕತೆ ಹೇಳುತ್ತಾರೆ. ಸ್ಟೆತೊಸ್ಕೋಪ್ ಬಂದದ್ದು ಅದಾಗಿ ಐವತ್ತೈದು ವರ್ಷಕ್ಕೆ, 1816ರಲ್ಲಿ. ಲೆನೆಕ್ ಎಂಬ ಫ್ರೆಂಚ್ ವೈದ್ಯನಿಗೆ ರೋಗಿಯ ಎದೆಗೆ ಕಿವಿಯಿಟ್ಟು ಕೇಳಲು ಸಂಕೋಚವಾಗಿ, ಕಾಗದವನ್ನು ಕೊಳವೆಯಂತೆ ಸುತ್ತಿದನಂತೆ.

“ಒಂದು, ಒಂದು, ಒಂದು ಅಂತ ಹೇಳ್ತಾ ಇರಿ” ಎಂದು ಡಾಕ್ಟರು ಆ ಮಂಕು ಜಾಗದ ಮೇಲೆ ಸ್ಟೆತೊಸ್ಕೋಪ್ ಇಟ್ಟರು. ಹೇಳಿದೆ. ಗಾಳಿ ತುಂಬಿದ ಶ್ವಾಸಕೋಶ ಮಾತನ್ನು ಮಬ್ಬಾಗಿಸುತ್ತದೆ. ಕೀವು, ನೀರು ತುಂಬಿ ಗಟ್ಟಿಯಾದ ಭಾಗದಲ್ಲಿ ಮಾತು ಕಿವಿಯ ಪಕ್ಕದಲ್ಲೇ ಆಡಿದಷ್ಟು ಚೆನ್ನಾಗಿ ಕೇಳುತ್ತದೆ. ನನ್ನ ‘ಒಂದು’ ಅವರಿಗೆ ಬಹಳ ಚೆನ್ನಾಗಿ ಕೇಳಿಸಿತಂತೆ. ಜೊತೆಗೆ ಪ್ರತಿ ಉಸಿರಿನ ಕೊನೆಗೆ ಚಟಚಟ ಸದ್ದು. “ಕಿವಿ ಹತ್ರ ಒಂದೆಳೆ ಕೂದಲು ಹಿಡಿದು ಬೆರಳಲ್ಲಿ ಹೊಸೆದು ನೋಡಿ, ಹಾಗೆ” ಅಂದರು. ಮನೆಗೆ ಬಂದು ಹೊಸೆದು ನೋಡಿದೆ. ಅಷ್ಟು ಸಣ್ಣ ಸದ್ದಿಗೆ ಇಷ್ಟು ದೊಡ್ಡ ಕಾಯಿಲೆ.

ಎಕ್ಸ್‌ರೇಯಲ್ಲಿ ಬಲ ಶ್ವಾಸಕೋಶದ ತಳದಲ್ಲಿ, ಕಪ್ಪಿರಬೇಕಾದಲ್ಲಿ ಬಿಳಿಯ ಮೋಡ. ನ್ಯುಮೋನಿಯಾ. ಆ ಪದ ಕೇಳಿ ಇವರು ಕುರ್ಚಿಯ ತುದಿಗೆ ಬಂದರು. ಆಸ್ಪತ್ರೆಗೆ ಸೇರಬೇಕೇ ಬೇಡವೇ ಎನ್ನುವುದನ್ನು ಡಾಕ್ಟರು ನಮ್ಮೆದುರಿಗೇ ಲೆಕ್ಕ ಹಾಕಿದರು: ಮಾತಿನಲ್ಲಿ ಗೊಂದಲವಿಲ್ಲ, ಉಸಿರು ನಿಮಿಷಕ್ಕೆ ಮೂವತ್ತು ಮುಟ್ಟಿಲ್ಲ, ರಕ್ತದೊತ್ತಡ ಇಳಿದಿಲ್ಲ, ವಯಸ್ಸು ಅರವತ್ತೈದು ಆಗಿಲ್ಲ. “ಮನೇಲೇ ನೋಡ್ಕೋಬಹುದು. ಆದ್ರೆ ನೋಡ್ಕೋಬೇಕಾದವರು ಇವರಲ್ಲ, ನೀವು” ಎಂದು ಇವರಿಗೆ ಹೇಳಿದರು. ಯಾವಾಗ ತಡಮಾಡದೆ ಹೊರಡಬೇಕು ಎನ್ನುವುದನ್ನು ಇವರು ಚೀಟಿಯಲ್ಲಿ ಬರೆದುಕೊಂಡು ಬಂದು ಕನ್ನಡಿಗೆ ಅಂಟಿಸಿದರು: ತುಟಿ ನೀಲಿಗಟ್ಟಿದರೆ, ಮಾತು ತಡವರಿಸಿದರೆ, ಆಕ್ಸಿಜನ್ 92ಕ್ಕಿಂತ ಇಳಿದರೆ, ಕಫದಲ್ಲಿ ರಕ್ತ ಕಂಡರೆ, ಒಂದು ವಾಕ್ಯವನ್ನು ಒಂದೇ ಉಸಿರಿನಲ್ಲಿ ಮುಗಿಸಲಾಗದಿದ್ದರೆ. ಎರಡು ವಾರ ದಾಟಿದ ಕೆಮ್ಮು ಎಂದು ಕ್ಷಯಕ್ಕೂ ಕಫ ಪರೀಕ್ಷೆ ಮಾಡಿಸಿದರು. ಅದರ ಫಲಿತಾಂಶಕ್ಕೆ ಕಾದ ದಿನ ಮನೆಯಲ್ಲಿ ಯಾರೂ ಹೆಚ್ಚು ಮಾತಾಡಲಿಲ್ಲ. ಇಲ್ಲವೆಂದು ಬಂತು.

ಅಮಾಕ್ಸಿಸಿಲಿನ್, ಎಂಟು ಗಂಟೆಗೊಮ್ಮೆ, ಐದು ದಿನ. ಇಷ್ಟೇನಾ ಎಂದು ಕೇಳಿದೆ. ಇಷ್ಟೇ, ಆದರೆ ಗಡಿಯಾರ ತಪ್ಪಬಾರದು ಅಂದರು. ರಾತ್ರಿ ಹನ್ನೊಂದು, ಬೆಳಿಗ್ಗೆ ಏಳು, ಮಧ್ಯಾಹ್ನ ಮೂರು. ಮೊದಲ ದಿನ ಏನೂ ಆಗಲಿಲ್ಲ. ಎರಡನೇ ದಿನವೂ ಜ್ವರ 101 ಇತ್ತು, ಔಷಧಿ ಹಿಡಿಯುತ್ತಿಲ್ಲ ಎಂದು ಗಾಬರಿ. ಮೂರು ದಿನ ಕೊಡಿ ಎಂದು ಮೊದಲೇ ಹೇಳಿದ್ದರಿಂದ ಸುಮ್ಮನಿದ್ದೆವು. ಮೂರನೇ ನಸುಕಿನಲ್ಲಿ ಬೆವರು ಒಡೆಯಿತು. ದಿಂಬು, ಹೊದಿಕೆ ಎಲ್ಲ ತೊಪ್ಪೆ. ಥರ್ಮಾಮೀಟರ್ ನೋಡುವ ಮೊದಲೇ ಗೊತ್ತಾಯಿತು. ಎಷ್ಟೋ ದಿನಗಳ ಮೇಲೆ ಹಸಿವು ಅನ್ನುವುದು ಬಂತು.

ಆ ದಿನಗಳಲ್ಲಿ ಪಕ್ಕೆ ನೋವಿಗೆ ಉಪಕಾರವಾದದ್ದು ಒಂದು ದಿಂಬು. ಕೆಮ್ಮು ಬರುವ ಸೂಚನೆ ಸಿಕ್ಕೊಡನೆ ದಿಂಬನ್ನು ಬಲ ಪಕ್ಕೆಗೆ ಅವಚಿ ಹಿಡಿದು ಕೆಮ್ಮುವುದು. ನೋವು ಹೋಗುವುದಿಲ್ಲ, ತಡೆದುಕೊಳ್ಳುವಷ್ಟಾಗುತ್ತದೆ. ಕೆಮ್ಮು ಅಡಗಿಸುವ ಸಿರಪ್ ಕೇಳಿದ್ದಕ್ಕೆ ಡಾಕ್ಟರು ಬೇಡವೆಂದರು. ಕಫ ಹೊರಗೆ ಬರಬೇಕಾದ ಹೊತ್ತಿನಲ್ಲಿ ಬಾಗಿಲು ಹಾಕುವುದು ಯಾಕೆ ಎಂದು. ಬದಲಿಗೆ ಒಂದು ವಿದ್ಯೆ ಹೇಳಿಕೊಟ್ಟರು. ಮೂರ್ನಾಲ್ಕು ಸಲ ನಿಧಾನವಾಗಿ ಉಸಿರೆಳೆದು, ಕೊನೆಯದನ್ನು ಎರಡು ಮೂರು ಸೆಕೆಂಡು ಹಿಡಿದು, ಬಾಯಿ ತೆರೆದು, ಕನ್ನಡಕದ ಗಾಜಿಗೆ ಹಬೆ ಊದುವವರ ಹಾಗೆ ‘ಹಾ’ ಎಂದು ರಭಸವಾಗಿ ಹೊರಗೆ ಬಿಡುವುದು. ಕೆಮ್ಮುವುದಲ್ಲ, ಊದುವುದು. ಕಫ ತಾನಾಗಿ ಮೇಲಕ್ಕೆ ಸರಿಯುತ್ತದೆ, ಆಮೇಲೆ ಒಂದೇ ಕೆಮ್ಮು ಸಾಕು. ಹತ್ತು ನಿಮಿಷ ಕೆಮ್ಮಿ ಸಾಧಿಸಲಾಗದ್ದನ್ನು ಈ ‘ಹಾ’ ಎರಡು ನಿಮಿಷದಲ್ಲಿ ಮಾಡುತ್ತಿತ್ತು. ಒಂಬತ್ತನೇ ದಿನವೇ ಯಾರಾದರೂ ಹೇಳಿಕೊಟ್ಟಿದ್ದರೆ ಎಂದು ಈಗಲೂ ಅನಿಸುತ್ತದೆ.

ಮಾತ್ರೆ ಮುಗಿದದ್ದು ಇಪ್ಪತ್ತೊಂದನೇ ದಿನ. ಮಾತ್ರೆ ಮುಗಿದರೆ ಕಾಯಿಲೆ ಮುಗಿದಂತೆ ಅಂದುಕೊಂಡಿದ್ದು ನನ್ನ ಮೂರನೇ ತಪ್ಪು. ಜ್ವರ ಇಲ್ಲ, ಕಫ ತಿಳಿಯಾಗಿದೆ, ಆಕ್ಸಿಜನ್ 97. ಆದರೂ ಕೆಮ್ಮು, ಒಣ ಕೆಮ್ಮು. ನಕ್ಕರೆ ಕೆಮ್ಮು, ಫೋನಿನಲ್ಲಿ ನಾಲ್ಕು ಮಾತಾಡಿದರೆ ಕೆಮ್ಮು, ಬೆಳಿಗ್ಗೆ ಕಿಟಕಿ ತೆರೆದು ತಣ್ಣನೆ ಗಾಳಿ ಮುಖಕ್ಕೆ ಬಡಿದರೆ ಕೆಮ್ಮು, ಯಾರೋ ಹಚ್ಚಿದ ಊದುಬತ್ತಿಗೆ ಕೆಮ್ಮು. ಇಪ್ಪತ್ತೆಂಟನೇ ದಿನ ಹತ್ತು ಮೆಟ್ಟಿಲು ಹತ್ತಿ ಕಂಬ ಹಿಡಿದು ನಿಂತೆ. ಮೂವತ್ತನೇ ದಿನ ಏನೂ ಕಾರಣವಿಲ್ಲದೆ ಅತ್ತೆ. ಒಳಗೆ ಬೇರೇನೋ ಇದೆ, ಯಾರೂ ಹೇಳುತ್ತಿಲ್ಲ ಎಂಬ ಗುಮಾನಿ. ರಾತ್ರಿ ಎರಡು ಗಂಟೆಗೆ ಫೋನಿನಲ್ಲಿ ಲಕ್ಷಣಗಳನ್ನು ಹುಡುಕುವವರಿಗೆ ಆ ಗುಮಾನಿ ಎಲ್ಲಿಗೆ ಕರೆದೊಯ್ಯುತ್ತದೆಂದು ಗೊತ್ತು.

ಮತ್ತೆ ಡಾಕ್ಟರ ಹತ್ತಿರ ಹೋದಾಗ ಅವರು ಬೇರೆ ಔಷಧಿ ಬರೆಯಲಿಲ್ಲ, ಒಂದು ವೇಳಾಪಟ್ಟಿ ಹೇಳಿದರು. ನ್ಯುಮೋನಿಯಾ ಆದವರಿಗೆ ಸಾಮಾನ್ಯವಾಗಿ ಔಷಧಿ ಶುರುವಾಗಿ ಒಂದು ವಾರಕ್ಕೆ ಜ್ವರ ಹೋಗಬೇಕು. ನಾಲ್ಕು ವಾರಕ್ಕೆ ಎದೆನೋವು, ಕಫ ಬಹಳ ಇಳಿದಿರಬೇಕು. ಆರು ವಾರಕ್ಕೆ ಕೆಮ್ಮು, ಏದುಸಿರು ಬಹಳ ಇಳಿದಿರಬೇಕು. ಮೂರು ತಿಂಗಳಿಗೆ ಸುಸ್ತೊಂದು ಬಿಟ್ಟು ಉಳಿದದ್ದೆಲ್ಲ ಹೋಗಿರಬೇಕು. ಆರು ತಿಂಗಳಿಗೆ ಬಹುತೇಕರು ಮೊದಲಿನಂತೆ. ಬ್ರಿಟನ್ನಿನ ನೈಸ್ ಸಂಸ್ಥೆ ರೋಗಿಗಳಿಗೆ ತಿಳಿಸಬೇಕೆಂದು ವೈದ್ಯರಿಗೆ ಕೊಟ್ಟಿರುವ ಪಟ್ಟಿಯಂತೆ ಅದು. ಆರು ತಿಂಗಳು ಎಂದು ಕೇಳಿ ನನಗೆ ಭಯವಾಗಬೇಕಿತ್ತು, ಆಗಲಿಲ್ಲ. ಮೂವತ್ತು ದಿನಗಳಿಂದ ಹೊತ್ತಿದ್ದ ಏನನ್ನೋ ಕೆಳಗಿಟ್ಟಂತಾಯಿತು. ನಾನು ತಡವಾಗಿರಲಿಲ್ಲ, ಔಷಧಿ ಶುರುವಾಗಿ ಇನ್ನೂ ನಾಲ್ಕು ವಾರವೂ ಆಗಿರಲಿಲ್ಲ.

ನ್ಯುಮೋನಿಯಾ ಬಿಡಿ, ಬರಿಯ ಶ್ವಾಸನಾಳದ ಕೆಮ್ಮೇ ನಾವು ತಿಳಿದದ್ದಕ್ಕಿಂತ ಉದ್ದ. 2013ರಲ್ಲಿ ಅಮೆರಿಕದಲ್ಲಿ ಜನರನ್ನು ಕೇಳಿದಾಗ ಇಂಥ ಕೆಮ್ಮು ಏಳರಿಂದ ಒಂಬತ್ತು ದಿನ ಇರುತ್ತದೆ ಎಂದರಂತೆ. ಹಿಂದಿನ ಅಧ್ಯಯನಗಳನ್ನೆಲ್ಲ ಕೂಡಿಸಿ ನೋಡಿದರೆ ನಿಜವಾದ ಸರಾಸರಿ ಸುಮಾರು ಹದಿನೆಂಟು ದಿನ. ನಡುವಿನ ಆ ಒಂಬತ್ತು ದಿನಗಳಲ್ಲೇ ಜನ ಔಷಧಿ ಅಂಗಡಿಗೂ ಹಳೇ ಕಪಾಟಿಗೂ ಓಡುವುದು. ನನ್ನ ಮೂರು ಕ್ಯಾಪ್ಸೂಲ್ ಹೋದದ್ದೂ ಆ ಒಂಬತ್ತರಲ್ಲೇ. ಶ್ವಾಸನಾಳದ ಒಳಗೋಡೆಯಲ್ಲಿ ಕೂದಲಿಗಿಂತ ಸಣ್ಣ ರೋಮಗಳಿವೆ. ಸೆಕೆಂಡಿಗೆ ಹತ್ತಕ್ಕೂ ಹೆಚ್ಚು ಸಲ ಬಡಿಯುತ್ತ, ಗದ್ದೆಯ ಪೈರಿನ ಮೇಲೆ ಗಾಳಿ ಹಾಯ್ದಂತೆ ಅಲೆಯಲೆಯಾಗಿ ಲೋಳೆಯನ್ನು ಗಂಟಲಿನ ಕಡೆಗೆ ತಳ್ಳುತ್ತಿರುತ್ತವೆ. ಸೋಂಕು ಈ ಪೈರನ್ನು ಮೇದುಬಿಡುತ್ತದೆ. ಮತ್ತೆ ಚಿಗುರಲು ವಾರಗಳು ಬೇಕು. ಅಲ್ಲಿಯವರೆಗೆ ಕಸ ಗುಡಿಸಲು ಇರುವುದು ಕೆಮ್ಮೊಂದೇ. ಗೋಡೆ ತೆಳುವಾಗಿ ಒಳಗಿನ ನರಗಳು ತೆರೆದುಕೊಂಡಿರುವುದರಿಂದ ತಂಗಾಳಿಯೂ ಅವಕ್ಕೆ ಸೂಜಿ. ಸೋಂಕು ಹೋದಮೇಲೂ ಮೂರರಿಂದ ಎಂಟು ವಾರ ಉಳಿಯುವ ಇಂಥ ಕೆಮ್ಮಿಗೆ ಆಂಟಿಬಯಾಟಿಕ್ ಏನೂ ಮಾಡುವುದಿಲ್ಲ. ಎಂಟು ವಾರ ದಾಟಿದರೆ ಬೇರೆ ಕಾರಣ ಹುಡುಕಬೇಕು.

ಹೊರಗೆ ಹೋಗುವಾಗ ಮೂಗು, ಬಾಯಿಗೆ ಬಟ್ಟೆ ಸುತ್ತಿಕೊಂಡೆ. ನಮ್ಮದೇ ಉಸಿರಿನ ಬಿಸಿ ಒಳಗೆ ಬರುವ ಗಾಳಿಯನ್ನು ಹದ ಮಾಡುತ್ತದೆ. ದಿನಕ್ಕೆ ಐದು ನಿಮಿಷ ನಡಿಗೆ, ಎರಡು ದಿನಕ್ಕೊಮ್ಮೆ ಎರಡು ನಿಮಿಷ ಹೆಚ್ಚು. ಒಂದು ದಿನ ಉತ್ಸಾಹದಲ್ಲಿ ಅರ್ಧ ಗಂಟೆ ನಡೆದು ಮರುದಿನ ಮಂಚ ಬಿಟ್ಟು ಏಳಲಿಲ್ಲ. ಸುಸ್ತು ಅಂದರೆ ನಿದ್ದೆ ಬರುವುದಲ್ಲ. ತಲೆ ಬಾಚಲು ಕೈ ಎತ್ತಿದರೆ ಕೈ ಅಲ್ಲೇ ‘ಬೇಡ’ ಅನ್ನುವುದು.

ಮೂವತ್ತೈದನೇ ದಿನ ಶಾಲೆಗೆ, ಅರ್ಧ ದಿನ ಮಾತ್ರ. ಮಾಸ್ಕ್ ಹಾಕಿಕೊಂಡು, ಕೂತುಕೊಂಡೇ ಪಾಠ. ಸ್ಟಾಫ್ ರೂಮಿನಲ್ಲಿ ನಾನು ಕೆಮ್ಮಿದಾಗ ಇಬ್ಬರು ನಯವಾಗಿ ಎದ್ದು ಕಿಟಕಿಯ ಕಡೆ ಹೋದರು. ‘ಈಗ ಹರಡಲ್ಲ’ ಎಂದು ಎಷ್ಟು ಜನರಿಗೆ ಹೇಳುವುದು! ಮಕ್ಕಳು ವಾಸಿ. ಕೊನೇ ಬೆಂಚಿನ ಹುಡುಗನೊಬ್ಬ ಪಾಠದ ಹೊತ್ತಿನಲ್ಲಿ ಪುಸ್ತಕದ ಅಂಚಿನಲ್ಲಿ ಗೆರೆ ಎಳೆಯುತ್ತಿದ್ದ. ಕಿವಿ ಹಿಂಡೋಣವೆಂದು ಹೋದರೆ, “ನಿಮ್ಮ ಕೆಮ್ಮು ಎಣಿಸ್ತಿದೀನಿ ಮಿಸ್. ನಿನ್ನೆ ಮೂವತ್ನಾಕು, ಇವತ್ತು ಇಪ್ಪತ್ತೊಂಬತ್ತು” ಅಂದ. ನನ್ನ ನೋಟ್‌ಬುಕ್ಕಿಗಿಂತ ಅವನದು ಅಚ್ಚುಕಟ್ಟು. ಅವತ್ತಿನಿಂದ ಪಿರಿಯಡ್ ಮುಗಿದ ಮೇಲೆ ಬಾಗಿಲಲ್ಲಿ ನಿಂತು ವರದಿ ಒಪ್ಪಿಸತೊಡಗಿದ. ಹತ್ತೊಂಬತ್ತು. ಇಪ್ಪತ್ತೆರಡು. ಹನ್ನೊಂದು. ಹದಿನಾಲ್ಕು. ಏರಿದ ದಿನ ಅವನ ಮುಖ ಸಪ್ಪಗಾಗುತ್ತಿತ್ತು; ಇಳಿದ ದಿನ ತಾನೇ ವಾಸಿ ಮಾಡಿದವನ ಹಾಗೆ ಬೀಗುತ್ತಿದ್ದ.

ಐವತ್ತು ದಾಟಿದವಳೆಂದು ಆರು ವಾರಕ್ಕೆ ಮತ್ತೊಂದು ಎಕ್ಸ್‌ರೇ ತೆಗೆಸಲು ಡಾಕ್ಟರು ಮೊದಲೇ ಹೇಳಿದ್ದರು. ಮೋಡದ ಹಿಂದೆ ಮತ್ತೇನೂ ಅಡಗಿಲ್ಲವೆಂದು ಖಾತ್ರಿಮಾಡಿಕೊಳ್ಳಲು. ಐವತ್ತೆಂಟನೇ ದಿನ ಹೋದೆವು. ಡಾಕ್ಟರು ಹಳೆಯದನ್ನೂ ಹೊಸದನ್ನೂ ಬೆಳಕಿಗೆ ಪಕ್ಕಪಕ್ಕ ಹಿಡಿದರು. ಮೋಡ ಇದ್ದ ಜಾಗ ಕಪ್ಪಾಗಿತ್ತು. ಬೆನ್ನು ಕುಟ್ಟಿ ನೋಡಿದರು. ಎರಡೂ ಕಡೆ ಒಂದೇ ಟೊಳ್ಳು. ‘ಒಂದು, ಒಂದು’ ಹೇಳಿಸಿದರು.

“ಕೆಮ್ಮು ಪೂರ್ತಿ ನಿಂತು ಎಷ್ಟು ದಿನ ಆಯ್ತು?”

ಇವರ ಕಡೆ ನೋಡಿದೆ. ಇವರು ನನ್ನ ಕಡೆ ನೋಡಿದರು. ಇಬ್ಬರಿಗೂ ಗೊತ್ತಿರಲಿಲ್ಲ. ಚೀಲದಲ್ಲಿದ್ದ ನೋಟ್‌ಬುಕ್ ತೆಗೆದು ನೋಡಿದರೆ ನಲವತ್ತೊಂಬತ್ತನೇ ದಿನಕ್ಕೆ ಬರಹ ನಿಂತಿದೆ. ಮುಂದಿನ ಪುಟದಲ್ಲಿ ಮಗಳು ಯಾವುದೋ ಗಣಿತ ಬಿಡಿಸಿದ್ದಾಳೆ. ಡಾಕ್ಟರು ನಕ್ಕು, ಆ ಜಾಗವನ್ನು ಖಾಲಿ ಬಿಟ್ಟು ಮುಂದಿನದನ್ನು ಬರೆದರು.

ಮರುದಿನ ಶಾಲೆಯಲ್ಲಿ ಆ ಹುಡುಗನನ್ನು ಕರೆದು ಕೇಳಿದೆ. ಅವನು ತಲೆ ಕೆರೆದುಕೊಂಡ. “ಎರಡು, ಒಂದು ಅಂತ ಬರೋಕೆ ಶುರುವಾಯ್ತಲ್ಲ ಮಿಸ್, ಆಮೇಲೆ ಬೇಜಾರಾಗಿ ಬಿಟ್ಬಿಟ್ಟೆ.”